ಶಾಂತಮೂರ್ತಿಯ ಬಾಲಪರೀಕ್ಷೆ

ಬಹಳ ಹಿಂದೆ, ಬೇಕಾದಷ್ಟು ನಾಯಿಗಳಿದ್ದೂ ನಾಯಿಗಳ ಮಾಲೀಕರು ಒಬ್ಬರೂ ಇಲ್ಲದ ಒಂದು ರಾಜ್ಯವಿತ್ತು. ಅದರ ರಾಜಧಾನಿಯಲ್ಲಿ ಒಂದು ಮುಂಜಾನೆ ಒಬ್ಬ ಹೆಂಗಸು ಮಂತ್ರಿಯ ಮನೆಯ ಗೇಟಿನೆದುರು ನಿಂತು ಹಿತ್ತಾಳೆಯ ನಾಮಫಲಕ ತಿಕ್ಕುತ್ತಿದ್ದಳು. ಮೊದಲು ನೆನೆಸಿದ ಹುಣಸೆಹಣ್ಣು, ಅದರ ಮೇಲೆ ನುಣ್ಣನೆಯ ಇಟ್ಟಿಗೆ ಪುಡಿ. ಅಕ್ಷರಗಳ ಸಂದಿಗೆ ತೆಂಗಿನ ನಾರು. ಆಮೇಲೆ ನೀರು ಸುರಿದು ಒಣಬಟ್ಟೆಯಲ್ಲಿ ಒರೆಸುವುದು. ಅವಳು ಯಾರ ಜೊತೆಗೂ ಮಾತಾಡಲಿಲ್ಲ. ಅವಳನ್ನೂ ಯಾರೂ ಮಾತಾಡಿಸಲಿಲ್ಲ. ಗೇಟಿನ ಒಳಗೆ ಮಲಗಿದ್ದ ನಾಯಿ ಮಾತ್ರ ಒಂದು ಕಣ್ಣು ತೆರೆದು ಅವಳ ಸೆರಗಿನ ಗಂಟನ್ನೇ ನೋಡುತ್ತಿತ್ತು.

ಹೆಂಗಸಿನ ಹೆಸರು ಚಿಕ್ಕತಾಯಿ. ಅರಮನೆಯ ಫಲಕ ಶುಚಿತ್ವ ವಿಭಾಗದಲ್ಲಿ ದಿನಗೂಲಿ. ಮೂರನೇ ತರಗತಿಗೆ ಶಾಲೆ ಬಿಟ್ಟಿದ್ದರೂ ಫಲಕಗಳನ್ನು ತಿಕ್ಕಿ ತಿಕ್ಕಿ ಓದು ಮರೆತಿರಲಿಲ್ಲ. ಸುಸೂತ್ರಪುರ ಎಂಬ ಆ ರಾಜ್ಯದಲ್ಲಿ ಮನುಷ್ಯನ ಎತ್ತರವನ್ನು ಅವನ ನಾಮಫಲಕದ ಉದ್ದದಿಂದ ಅಳೆಯುತ್ತಿದ್ದರಾದ್ದರಿಂದ, ಅವಳಿಗೆ ಓದಲು ಬೇಕಾದಷ್ಟಿತ್ತು. ಜನಶಾಂತಿ ಖಾತೆಯ ಸಚಿವರಾದ ಮೃದುವಚನರಾಯರ ಫಲಕ ಒಂದು ಕಂಬದಲ್ಲಿ ಶುರುವಾಗಿ, ಗೇಟಿನ ಮೇಲೆ ಹಾದು, ಇನ್ನೊಂದು ಕಂಬದ ಬುಡದಲ್ಲಿ ಮುಗಿಯುತ್ತಿತ್ತು. ಬಡವರ ಬಂಧು, ದೀನರ ದೀವಿಗೆ, ಅಭಿವೃದ್ಧಿಯ ಹರಿಕಾರ, ನುಡಿದಂತೆ ನುಡಿಯುವವರು ಎಂಬಿತ್ಯಾದಿ ಬಿರುದುಗಳೆಲ್ಲ ಮುಗಿದ ಮೇಲೆ, ಹೆಸರಿಗೆ ಒಂದಿಷ್ಟು ಜಾಗ ಉಳಿದಿತ್ತು. ಅದರ ಕೆಳಗೆ ಪ್ರತ್ಯೇಕವಾದ ಚಿಕ್ಕ ಫಲಕ: ‘ನಾಯಿ ಇದೆ, ಎಚ್ಚರಿಕೆ.’

ನಾಯಿಯ ಹೆಸರು ಶಾಂತಮೂರ್ತಿ. ಕರುವಿನಷ್ಟು ಎತ್ತರ, ಕುತ್ತಿಗೆಗೆ ಬೆಳ್ಳಿಯ ಪಟ್ಟಿ. ಪ್ರತಿದಿನ ಬೆಳಿಗ್ಗೆ ಚಿಕ್ಕತಾಯಿ ಕೆಲಸ ಮುಗಿಸುವುದರೊಳಗೆ ಅದು ಎದ್ದು ಬಂದು ಗುರುಗುಟ್ಟುವುದು, ಅವಳು ಸೆರಗಿನ ಗಂಟು ಬಿಚ್ಚಿ ತನ್ನ ಬುತ್ತಿಯ ರಾಗಿರೊಟ್ಟಿಯಲ್ಲಿ ಅರ್ಧ ಮುರಿದು ಎಸೆಯುವುದು, ಅದು ಬಾಲ ಅಲ್ಲಾಡಿಸಿ ತಿಂದು ಹೋಗುವುದು. ಇದು ಪ್ರೀತಿಯಲ್ಲ. ಊರಿನ ಗಾಡಿಯವರು ಸುಂಕದ ಕಟ್ಟೆಯಲ್ಲಿ ಕೊಡುವುದನ್ನು ಅವಳು ಮಂತ್ರಿಯ ಗೇಟಿನಲ್ಲಿ ಕೊಡುತ್ತಿದ್ದಳು, ಅಷ್ಟೆ.

ಆ ದಿನ ಲೆಕ್ಕ ತಪ್ಪಿತು. ಹಿಂದಿನ ಸಂಜೆಯಷ್ಟೇ ಮಂತ್ರಿಗಳಿಗೆ ‘ಕರುಣಾಸಾಗರ’ ಎಂಬ ಹೊಸ ಬಿರುದು ಬಂದು ಫಲಕ ಒಂದು ಗೇಣು ಬೆಳೆದಿತ್ತು. ಕೆಲಸ ಮುಗಿಯಲು ಹೊತ್ತಾಯಿತು. ಹಸಿವು ತಡೆಯದೆ ಅವಳು ರೊಟ್ಟಿಯನ್ನು ಪೂರ್ತಿ ತಾನೇ ತಿಂದುಬಿಟ್ಟಿದ್ದಳು. ಶಾಂತಮೂರ್ತಿ ಬಂದು ಗುರುಗುಟ್ಟಿತು. ಅವಳು ಬರಿಗೈ ತೋರಿಸಿದಳು. ಅದು ಆ ಕೈಯನ್ನೇ ಹಿಡಿಯಿತು.

ಬಲಗೈ, ಹೆಬ್ಬೆರಳಿನ ಕೆಳಗೆ, ನಾಲ್ಕು ಹಲ್ಲು. ಬಿಡಿಸಿಕೊಳ್ಳುವಷ್ಟರಲ್ಲಿ ರಕ್ತ ‘ಕರುಣಾಸಾಗರ’ದ ಮೇಲೆ ಇಳಿಯುತ್ತಿತ್ತು. ಗೇಟು ಕಾಯುವ ಬೋರಯ್ಯ ಓಡಿಬಂದವನು ಮೊದಲು ಹೆಗಲ ಬಟ್ಟೆಯಿಂದ ಫಲಕ ಒರೆಸಿದ. ಹೊಟ್ಟೆಪಾಡು. ಆಮೇಲೆ ಅವಳನ್ನು ನಲ್ಲಿಯ ಕೆಳಗೆ ಕೂರಿಸಿ, ಸೋಪು ತಂದುಕೊಟ್ಟು, ಸಾಕು ಎಂದರೂ ಬಿಡದೆ ತೊಳೆಸಿದ.

“ಇವತ್ತೇ ಹೋಗಿ ಸೂಜಿ ಹಾಕುಸ್ಕೊ ತಾಯಿ,” ಎಂದ. “ಹೋದ್ ವರ್ಸ ಗಾಣದ ಕಾಳಯ್ಯ ಅರಿಶಿನ ಮೆತ್ಕಂಡು ಏನಾಗಲ್ಲ ಅಂತ ಕುಂತ. ಗಾಯ ಮಾಯ್ತು. ತಿಂಗ್ಳಾದ್ಮೇಲೆ ನೀರಿನ ಚೊಂಬು ಕಂಡ್ರೆ ಕಿರುಚ್ಕೊಳೋನು. ಮೂರೇ ದಿವ್ಸ.”

ಚಿಕ್ಕತಾಯಿಗೆ ಕಾಳಯ್ಯ ಗೊತ್ತಿತ್ತು. ಅವನು ಸತ್ತದ್ದೂ ಗೊತ್ತಿತ್ತು. ಹೇಗೆ ಸತ್ತ ಎಂಬುದು ಈಗ ಗೊತ್ತಾಯಿತು. ಅವಳು ಕೈಗೆ ಬಟ್ಟೆ ಸುತ್ತಿಕೊಂಡು ರಾಜವೈದ್ಯಶಾಲೆಗೆ ನಡೆದಳು.

ಇಲ್ಲಿ ಓದುಗರಿಗೆ ಸುಸೂತ್ರಪುರದ ನಾಯಿ ಕಾನೂನಿನ ಪರಿಚಯ ಮಾಡಿಕೊಡಬೇಕು. ಈಗಿನ ಅರಸರಾದ ಶ್ರೀಮನ್ಮಹಾರಾಜಾಧಿರಾಜ ನಿರ್ಲಿಪ್ತವರ್ಮರ ಅಜ್ಜನವರು ಒಮ್ಮೆ ಪ್ರಜೆಗಳ ಸುಖದುಃಖ ನೋಡಲೆಂದು ವೇಷ ಮರೆಸಿಕೊಂಡು ಹೋಗಿ, ಒಬ್ಬ ಶ್ರೀಮಂತನ ನಾಯಿಯಿಂದ ಮೀನಖಂಡಕ್ಕೆ ಕಚ್ಚಿಸಿಕೊಂಡು ಬಂದರು. ರಾಜರಿಗೆ ನೋವಾದಾಗ ಒಳ್ಳೆಯ ಕಾನೂನುಗಳು ಹುಟ್ಟುತ್ತವೆ. ಅರಮನೆಯ ಎದುರು ಶಿಲಾಶಾಸನ ನಿಂತಿತು: ನಾಯಿ ಕಚ್ಚಿದರೆ ಮಾಲೀಕನೇ ಹೊಣೆ. ಔಷಧ ಅವನೇ ಕೊಡಿಸಬೇಕು, ಗಾಯ ಮಾಯುವ ತನಕ ಕಚ್ಚಿಸಿಕೊಂಡವನ ಮನೆಯ ಒಲೆ ಅವನೇ ಉರಿಸಬೇಕು, ತುಂಬಿದ ಸಭೆಯಲ್ಲಿ ಕೈಮುಗಿದು ಕ್ಷಮೆ ಕೇಳಬೇಕು.

ಬೇರೆ ದೇಶದ ವಿದ್ವಾಂಸರು ಬಂದು ಅದನ್ನು ಬರೆದುಕೊಂಡು ಹೋದರು. ಅಷ್ಟು ಒಳ್ಳೆಯ ಕಾನೂನು. ಎಷ್ಟು ಒಳ್ಳೆಯದೆಂದರೆ, ಶಾಸನ ನಿಂತ ಮರುದಿನದಿಂದ ರಾಜ್ಯದಲ್ಲಿ ಒಬ್ಬನೇ ಒಬ್ಬ ನಾಯಿಯ ಮಾಲೀಕ ಸಿಕ್ಕಲಿಲ್ಲ. ಗಣತಿಯವರು ಮನೆಮನೆಗೆ ಹೋದರೆ, ಪಲ್ಲಂಗದ ಮೇಲೆ ಮಲಗಿದ ನಾಯಿಯನ್ನು ತೋರಿಸಿ ‘ಸುಮ್ಮನೆ ಬಂದು ಕೂತಿದೆ’ ಎನ್ನುತ್ತಿದ್ದರು. ಆ ವರ್ಷದ ಗಣತಿಯಲ್ಲೂ ನಾಯಿಗಳ ಸಾಲಿನಲ್ಲಿ ನಾಲ್ಕು ಸಾವಿರದ ನೂರಾ ಹನ್ನೆರಡು ಎಂದೂ, ಮಾಲೀಕರ ಸಾಲಿನಲ್ಲಿ ಸೊನ್ನೆ ಎಂದೂ ಇತ್ತು. ಮಾಲೀಕರ ಅಪರಾಧವೇ ಇಲ್ಲದ ರಾಜ್ಯವೆಂದು ನಿರ್ಲಿಪ್ತವರ್ಮರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ರಾಜವೈದ್ಯಶಾಲೆಯ ಗೋಡೆಯ ಮೇಲೆ ದೊಡ್ಡ ಬಣ್ಣದ ಚಿತ್ರವಿತ್ತು. ನಾಯಿ ಕಚ್ಚಿದೆಯೇ? ತಡಮಾಡದಿರಿ! ಮೊದಲ ಸೂಜಿ ಇಂದೇ, ಎರಡನೆಯದು ಮೂರನೇ ದಿನ, ಮುಂದಿನದು ಏಳನೇ ದಿನ ಎಂದು ಅದರ ಕೆಳಗೆ ಬರೆದಿತ್ತು. ಚಿಕ್ಕತಾಯಿ ಅದನ್ನು ನಾಲ್ಕು ಸಲ ಓದಿದಳು, ಏಕೆಂದರೆ ಅವಳ ಟೋಕನ್ ಸರದಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ವೈದ್ಯಾಧಿಕಾರಿ ಚರಕಭೂಷಣರು ತಲೆ ಎತ್ತದೆ ಒಂದು ನಮೂನೆ ಮುಂದಕ್ಕೆ ತಳ್ಳಿದರು. ಅವರ ಹಿಂದೆ ಮಂಜುಗಡ್ಡೆಯ ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಸೂಜಿಮದ್ದಿನ ಸೀಸೆಗಳು ಸಾಲಾಗಿ ಕೂತಿದ್ದವು.

ನಮೂನೆಯಲ್ಲಿ ಹೆಸರು, ವಿಳಾಸ, ಕಚ್ಚಿದ ಭಾಗ ಎಲ್ಲ ತುಂಬಿಸಿದಳು, ಎಡಗೈಯಲ್ಲಿ. ಕೊನೆಯ ಸಾಲು: ‘ಮಾಲೀಕರ ಸಹಿ.’

ಮದ್ದಿನ ಹೊಣೆ ಮಾಲೀಕನದೆಂದು ಶಾಸನವೇ ಹೇಳುತ್ತದೆ, ಆದ್ದರಿಂದ ಅವನ ಸಹಿ ಇಲ್ಲದೆ ಸೀಸೆ ಒಡೆದರೆ ಅದು ಶಾಸನಕ್ಕೆ ಅಪಮಾನ ಎಂದು ಚರಕಭೂಷಣರು ವಿವರಿಸಿದರು. ಹಾಗಾದರೆ ಇದುವರೆಗೆ ಯಾರಿಗಾದರೂ ಹಾಕಿದ್ದೀರಾ ಎಂದು ಅವಳು ಮೆಲ್ಲಗೆ ಕೇಳಿದಳು. ಅವರು ಮೊದಲ ಬಾರಿಗೆ ತಲೆ ಎತ್ತಿ ಅವಳನ್ನು ನೋಡಿದರು. ಸೀಸೆಗಳನ್ನು ಪ್ರತಿವರ್ಷ ತಪ್ಪದೆ ಹೊಸದಾಗಿ ತರಿಸುತ್ತೇವೆ ಎಂದರು.

ಚಿಕ್ಕತಾಯಿ ನಮೂನೆ ಮಡಚಿಕೊಂಡು ಮಂತ್ರಿಯ ಮನೆಗೆ ವಾಪಸು ಬಂದಳು. ಮೃದುವಚನರಾಯರು ಅಂಗಳದಲ್ಲಿ ಉಯ್ಯಾಲೆಯ ಮೇಲೆ ಕೂತಿದ್ದರು. ಶಾಂತಮೂರ್ತಿ ಅವರ ಪಾದದ ಮೇಲೆ ಗಲ್ಲವಿಟ್ಟು ಮಲಗಿತ್ತು. ಅವಳ ಕೈ ನೋಡಿದೊಡನೆ ಮಂತ್ರಿಗಳ ಕಣ್ಣು ಒದ್ದೆಯಾಯಿತು. ಅವರಿಗೆ ಅದು ಅಭ್ಯಾಸವಿತ್ತು.

“ಈ ಘಟನೆಯನ್ನು ನಾನು ಕಟುವಾಗಿ ಖಂಡಿಸುತ್ತೇನಮ್ಮ,” ಎಂದರು.

ಅವಳು ನಮೂನೆ ಚಾಚಿದಳು. ಸಹಿಯ ಸಾಲು ನೋಡಿ ಅವರು ಅದನ್ನು ಮುಟ್ಟದೆ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

“ಇದು ನನ್ನ ನಾಯಿ ಅಂತ ಯಾರು ಹೇಳಿದರು? ನನ್ನ ಅಭಿಮಾನಿ ಇದು. ನನ್ನ ಕೆಲಸಗಳನ್ನು ನೋಡಿ ತಾನಾಗಿ ಬಂದಿದೆ. ಇಂಥವರು ರಾಜ್ಯದಾದ್ಯಂತ ಸಾವಿರಾರು ಇದ್ದಾರೆ. ಎಲ್ಲರ ಹಲ್ಲಿಗೂ ನಾನು ಹೊಣೆಯಾಗೋಕೆ ಆಗುತ್ತೇನಮ್ಮ?”

“ನಿಮ್ಮನೇಲೇ ಅಲ್ವಾ ಬುದ್ಧಿ ಇರೋದು.”

“ಅಭಿಮಾನಿಗಳಿಗೆ ನನ್ನ ಮನೆ ಬಾಗಿಲು ಸದಾ ತೆರೆದಿರುತ್ತೆ,” ಎಂದು ಹೇಳಿ, ಶಾಂತಮೂರ್ತಿಯ ಕಿವಿಯ ಹಿಂದೆ ಕೆರೆದು, ಸೂಕ್ತ ತನಿಖೆಯಾಗುವುದೆಂಬ ಭರವಸೆಯನ್ನೂ ಎರಡು ಬಾಳೆಹಣ್ಣನ್ನೂ ಕೊಟ್ಟು ಕಳಿಸಿದರು.

ಹೊರಗೆ ಬಂದಾಗ ಬೋರಯ್ಯ ಹಣ್ಣನ್ನು ನೋಡಿದ, ನಮೂನೆಯನ್ನು ನೋಡಿದ. “ಅರಸರತ್ರ ಹೋಗು,” ಎಂದು ಪಿಸುಗುಟ್ಟಿದ. “ನಾನು ಸಾಕ್ಷಿ ಹೇಳ್ತೀನಿ. ಇಪ್ಪತ್ತು ವರ್ಸ ಈ ಗೇಟಲ್ಲಿದೀನಿ ಕಣವ್ವ. ಅದನ್ನ ಮರಿಯಾಗಿದ್ದಾಗ ಇವರು ಕಂಕುಳಲ್ಲಿ ಇಟ್ಕಂಡು ತಂದಿದ್ ಕಂಡಿದೀನಿ.”

ಅವಳು ಅರ್ಜಿ ಕೊಟ್ಟಳು. ಮೂರನೇ ದಿನ ಹೋದಾಗ ಅರ್ಜಿ ಸ್ವೀಕೃತವಾಗಿದೆ ಎಂದರು. ಅದೊಂದು ದೊಡ್ಡ ಹೆಜ್ಜೆಯೆಂದೂ ಹೇಳಿದರು. ಐದನೇ ದಿನ ನೋಡಲ್ ಅಧಿಕಾರಿ ಪ್ರವಾಸದಲ್ಲಿದ್ದರು. ಏಳನೇ ದಿನ ಅರಸರ ಪಟ್ಟದಾನೆಯ ಹುಟ್ಟುಹಬ್ಬದ ನಿಮಿತ್ತ ಕಚೇರಿ ರಜೆ. ಕೈ ಊದಿಕೊಂಡು, ಬೆರಳು ಮಡಚಲು ಬಾರದೆ, ಅವಳು ಎಡಗೈಯಲ್ಲೇ ಫಲಕ ತಿಕ್ಕುತ್ತಿದ್ದಳು. ಹೊಳಪು ಕಡಿಮೆಯಾಗಿದೆಯೆಂದು ಎರಡು ಮನೆಯವರು ದೂರು ಬರೆದರು. ಆ ದೂರು ಅದೇ ಮಧ್ಯಾಹ್ನ ವಿಚಾರಣೆಗೆ ಬಂತು.

ಒಂಬತ್ತನೇ ದಿನ ಬೋರಯ್ಯ ಗೇಟಿನಲ್ಲಿ ಇರಲಿಲ್ಲ. ಇಪ್ಪತ್ತು ವರ್ಷದ ನಿಷ್ಠಾವಂತ ಸೇವೆಯನ್ನು ಗುರುತಿಸಿ ಅವನಿಗೆ ಬಡ್ತಿ ಕೊಟ್ಟು, ಆರು ದಿನದ ದಾರಿಯ ಗಡಿಚೌಕಿಗೆ ಕಳಿಸಲಾಗಿತ್ತು. ಶಾಂತಮೂರ್ತಿಗೆ ಅನ್ನ ಕಲಸುತ್ತಿದ್ದ ಅಡುಗೆಯವನಿಗೂ ಬಡ್ತಿಯಾಗಿತ್ತು. ಸುಸೂತ್ರಪುರದಲ್ಲಿ ಕಣ್ಣಾರೆ ಕಂಡವರಿಗೆ ಬಡ್ತಿ ತಪ್ಪುತ್ತಿರಲಿಲ್ಲ.

ಹನ್ನೊಂದನೇ ದಿನ ಸಭೆ ಸೇರಿತು. ಸಭಾಂಗಣಕ್ಕೆ ಕಾಲಿಟ್ಟ ಚಿಕ್ಕತಾಯಿಗೆ ಮೊದಲು ಬಡಿದದ್ದು ವಾಸನೆ. ಬೇವಿನೆಣ್ಣೆಯ ವಾಸನೆ. ಮಂತ್ರಿ ಮೃದುವಚನರಾಯರು ನೆತ್ತಿಯಿಂದ ಅಂಗಾಲಿನ ತನಕ ಬೇವಿನೆಣ್ಣೆ ಹಚ್ಚಿಕೊಂಡು ಜಿಡ್ಡಾಗಿ ಹೊಳೆಯುತ್ತ ಕೂತಿದ್ದರು. ಅವರು ಹಚ್ಚಿಕೊಂಡದ್ದನ್ನು ಹಿಂದಿನ ದಿನವೇ ನೋಡಿದ್ದ ಉಳಿದ ಮಂತ್ರಿಗಳು, ಕಾರಣ ಗೊತ್ತಿಲ್ಲದಿದ್ದರೂ ಇದೇನೋ ಮೇಲಿನ ಸೂಚನೆ ಇರಬೇಕೆಂದು ತಾವೂ ಹಚ್ಚಿಕೊಂಡಿದ್ದರು. ಅವರನ್ನು ನೋಡಿ ಆಸ್ಥಾನ ಪಂಡಿತರು, ಪಂಡಿತರನ್ನು ನೋಡಿ ಚಾಮರದವರು. ಸಿಂಹಾಸನದ ಸುತ್ತ ಒಂದು ಗಾಣದ ಎಣ್ಣೆಯನ್ನೆಲ್ಲ ಸುರಿದಂತಿತ್ತು.

ಅರಸರು ಮೂಗು ಮುರಿದರು. “ಇದೇನು ವಾಸನೆ?”

“ಪ್ರಾಮಾಣಿಕತೆಯದು, ಪ್ರಭು,” ಎಂದರು ಮೃದುವಚನರಾಯರು. ಅರಸರು ತಲೆದೂಗಿದರು. ಅವರಿಗೆ ಆ ವಾಸನೆಯ ಪರಿಚಯ ಇರಲಿಲ್ಲ.

ವಿಚಾರಣೆ ನಡೆಸಲು ನ್ಯಾಯಶಿರೋಮಣಿಗಳು ಎದ್ದರು. ಎತ್ತರದ ಮನುಷ್ಯ, ತೂಕದ ಮಾತು, ಒಂದೊಂದು ಶಬ್ದವನ್ನೂ ಇಳಿಸಿ ಇಡುವವರು. ಕಚ್ಚಿಸಿಕೊಂಡವಳ ಹಕ್ಕುಗಳು ಶಾಸನದಲ್ಲಿ ಅತ್ಯಂತ ಸುರಕ್ಷಿತವಾಗಿವೆ, ಅಲ್ಲಿಂದ ಅವನ್ನು ಯಾರೂ ಕದಲಿಸಲಾರರು ಎಂದು ಮೊದಲೇ ಭರವಸೆ ಕೊಟ್ಟರು. ಅವಳು ನಾಯಿಗೆ ಕಲ್ಲು ಹೊಡೆದಳೇ, ಬಾಲ ತುಳಿದಳೇ, ಅದರ ಮನಸ್ಸಿಗೆ ನೋವಾಗುವಂತೆ ಏನಾದರೂ ಅಂದಳೇ ಎಂದು ವಿಚಾರಿಸಿದರು. ಇಲ್ಲ ಎಂದಳು. ಬಳಿಕ ಎಚ್ಚರಿಕೆಯ ಫಲಕದ ಮಾತಿಗೆ ಬಂದರು.

“ಆ ಫಲಕವನ್ನು ಓದಿದ್ದೆಯೋ?”

“ದಿನಾ ತಿಕ್ತೀನಿ ಬುದ್ಧಿ.”

“ಅಂದರೆ, ನಾಯಿ ಇದೆಯೆಂದು ತಿಳಿದೂ ಸಮೀಪಕ್ಕೆ ಹೋದೆ.”

“ಫಲಕ ತಿಕ್ಕಕ್ಕೆ ಫಲಕದತ್ರಾನೇ ಹೋಗ್ಬೇಕು ಬುದ್ಧಿ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಯಾರ ಪರ ಎಂದು ಗೊತ್ತಾಗದೆ ತಕ್ಷಣ ನಿಲ್ಲಿಸಿದರು. ಚಿಕ್ಕತಾಯಿ ಜೀವಮಾನದಲ್ಲಿ ನಾಲ್ಕು ಜನರೆದುರು ಬಾಯಿ ತೆರೆದವಳಲ್ಲ. ಆದರೆ ಹತ್ತು ದಿನ ಅವಳು ನಿದ್ದೆಗೆಟ್ಟು ಯೋಚಿಸಿದ್ದ ಒಂದು ಮಾತಿತ್ತು. ಅದು ತಾನಾಗಿ ಹೊರಬಂತು.

“ನಾಯಿ ಇದೆ ಅಂತ ಆ ಗೇಟಿಗೆ ಬರೆಸಿ ಹಾಕ್ಸಿದೋರು ಯಾರು ಬುದ್ಧಿ?”

ಮೃದುವಚನರಾಯರು ಎದ್ದು ನಿಂತರು. ಅವರ ಮೊಣಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

“ನಾನೇ ಹಾಕಿಸಿದೆ. ಪ್ರಜೆಗಳ ಮೇಲಿನ ಕಾಳಜಿಯಿಂದ. ಇಲ್ಲಿ ನಾಯಿ ಇದೆ ಎಂದೆನೇ ಹೊರತು ಯಾರ ನಾಯಿ ಎನ್ನಲಿಲ್ಲ. ಪ್ರವಾಹ ಬರುತ್ತದೆ ಎಂದು ಡಂಗುರ ಸಾರುವ ತಳವಾರ ಹೊಳೆಯ ಮಾಲೀಕನೇ, ಪ್ರಭು?”

ಚಪ್ಪಾಳೆ ಜೋರಾಗಿ ಬಿತ್ತು. ಎಣ್ಣೆಗೈಗಳಾದ್ದರಿಂದ ಸದ್ದು ಪಚಪಚ ಎಂದಿತು. ಅರಸರು, ಇದು ದಾಖಲಾಗಲಿ, ಶಾಲಾಪಠ್ಯಕ್ಕೂ ಸೇರಲಿ ಎಂದರು.

ಆಗ ನ್ಯಾಯಶಿರೋಮಣಿಗಳು ಶಾಸನದ ಕೊನೆಯ ಸಾಲನ್ನು ನೆನಪಿಸಿದರು. ಮಾಲೀಕತ್ವದ ಬಗ್ಗೆ ವಿವಾದ ಎದ್ದರೆ ನಾಯಿಯನ್ನೇ ಸಭೆಗೆ ತರತಕ್ಕದ್ದು. ಅದು ಯಾರ ಎದುರು, ಹತ್ತು ಎಣಿಸುವುದರೊಳಗೆ, ಹನ್ನೆರಡು ಬಾರಿಗಿಂತ ಹೆಚ್ಚು ಬಾಲ ಅಲ್ಲಾಡಿಸುವುದೋ ಅವರೇ ಮಾಲೀಕರು. ಇದಕ್ಕಾಗಿ ಬಾಲಮಾಪನ ಇಲಾಖೆ ಎಂಬುದೊಂದು ಅರವತ್ತು ವರ್ಷಗಳಿಂದ ಇತ್ತು. ನಿರ್ದೇಶಕರು, ಇಬ್ಬರು ಉಪನಿರ್ದೇಶಕರು, ಜಾಲರಿ ಹಾಕಿದ ಒಂದು ಗಾಡಿ. ಇದುವರೆಗೆ ಒಂದು ಬಾಲವನ್ನೂ ಅಳೆಯುವ ಸಂದರ್ಭ ಅವರಿಗೆ ಬಂದಿರಲಿಲ್ಲ. ಅವರು ಆ ದಿನ ಹೊಸ ಸಮವಸ್ತ್ರದಲ್ಲಿ ಬಂದರು.

ನಾಯಿಯನ್ನು ತಂದರು. ಎರಡು ದಿನದಿಂದ ಅದಕ್ಕೆ ಅನ್ನ ಹಾಕಿರಲಿಲ್ಲ ಎಂಬುದು ಅದರ ಹೊಟ್ಟೆ ನೋಡಿದರೆ ಗೊತ್ತಾಗುತ್ತಿತ್ತು. ಸಭೆಯಲ್ಲಿದ್ದವರೆಲ್ಲ ಒಂದು ಸಾಲಿನಲ್ಲಿ ನಿಲ್ಲತಕ್ಕದ್ದೆಂದು ಆಜ್ಞೆಯಾಯಿತು. ಸಾಲಿನ ಕೊನೆಯಲ್ಲಿ, ಎಲ್ಲರಿಗಿಂತ ಸ್ವಲ್ಪ ದೂರದಲ್ಲಿ, ಚಿಕ್ಕತಾಯಿ ನಿಂತಳು.

ಶಾಂತಮೂರ್ತಿ ಮೊದಲು ತನ್ನ ಮಂತ್ರಿಯ ಕಡೆಗೆ ನೆಗೆದು ಓಡಿತು. ಎರಡು ಮಾರು ದೂರದಲ್ಲೇ ಬೇವಿನೆಣ್ಣೆ ಮೂಗಿಗೆ ಬಡಿದು ನಿಂತಿತು. ಸೀನಿತು. ಕಿವಿ ಹಿಂದಕ್ಕೆ ಮಡಚಿಕೊಂಡು, ಬಾಲವನ್ನು ಕಾಲುಗಳ ನಡುವೆ ಸೇರಿಸಿಕೊಂಡು ಪಕ್ಕದವರ ಕಡೆ ಹೋಯಿತು. ಅಲ್ಲೂ ಅದೇ. ಪಂಡಿತರ ಕಡೆ ಮೂಸಿತು, ಸೀನಿತು. ಸೇನಾಪತಿಯ ಮುಂದೆ ಸೀನಿತು. ಎಣಿಸುವವರು ಒಬ್ಬೊಬ್ಬರ ಹೆಸರಿನ ಮುಂದೆಯೂ ‘ಸೊನ್ನೆ’ ಎಂದು ಬರೆದುಕೊಳ್ಳುತ್ತ ಹೋದರು. ಒಂದೊಂದು ಸೊನ್ನೆಗೂ ಒಬ್ಬೊಬ್ಬರು ಉಸಿರು ಬಿಟ್ಟರು, ಏಕೆಂದರೆ ಎಲ್ಲರ ಮನೆಯಲ್ಲೂ ಒಬ್ಬೊಬ್ಬ ಅಭಿಮಾನಿ ಇದ್ದ.

ಬೇವಿನೆಣ್ಣೆ ಹಚ್ಚಿಕೊಳ್ಳಬೇಕೆಂದು ಚಿಕ್ಕತಾಯಿಗೆ ಯಾರೂ ಹೇಳಿರಲಿಲ್ಲ. ಅವಳ ಮೈಯಿಂದ ಹುಣಸೆಹಣ್ಣಿನ, ರಾಗಿಹಿಟ್ಟಿನ ವಾಸನೆ ಬರುತ್ತಿತ್ತು. ನಾಯಿ ದೂರದಿಂದಲೇ ತಲೆ ಎತ್ತಿತು. ಅದು ತನ್ನ ಕಡೆ ಬರುತ್ತಿದೆಯೆಂದು ಕಂಡಾಗ ಅವಳಿಗೆ ಆ ನಾಲ್ಕು ಹಲ್ಲುಗಳ ಹೊರತು ಬೇರೇನೂ ನೆನಪಾಗಲಿಲ್ಲ. ಕೈ ಕಟ್ಟಿಕೊಂಡು ಅಲ್ಲಾಡದೆ ನಿಲ್ಲಬೇಕೆಂದುಕೊಂಡಳು. ಆದರೆ ಹೆದರಿದ ಕೈ ತನಗೆ ಗೊತ್ತಿದ್ದುದನ್ನೇ ಮಾಡಿತು. ಎಡಗೈ ಸೆರಗಿನ ಗಂಟಿಗೆ ಹೋಯಿತು.

ಗಂಟಿನಲ್ಲಿ ರೊಟ್ಟಿ ಇರಲಿಲ್ಲ. ಶಾಂತಮೂರ್ತಿಗೆ ಅದು ಗೊತ್ತಿರಲಿಲ್ಲ. ಅದು ಅವಳ ಎದುರು ಕೂತು, ಮುಖ ಮೇಲೆತ್ತಿ, ಬಾಲ ಅಲ್ಲಾಡಿಸಿತು. ಬಾಲಮಾಪನದ ನಿರ್ದೇಶಕರು ಎಣಿಸಿದರು. ಉಪನಿರ್ದೇಶಕರು ಮರುಎಣಿಕೆ ಮಾಡಿದರು. ಮೂವತ್ತೊಂದು.

“ಮಾಲೀಕರು ಸಿಕ್ಕರು!” ಎಂದು ಯಾರೋ ಕೂಗಿದರು. ಅರವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ರಾಜ್ಯದಲ್ಲಿ ಒಬ್ಬ ಮಾಲೀಕ ಸಿಕ್ಕಿದ್ದ ಸಂಭ್ರಮಕ್ಕೆ ಅರಮನೆಯ ನಗಾರಿ ಬಾರಿಸಿದರು.

ನಾಯಿಗೆ ಹೆದರಿ ರೊಟ್ಟಿ ಹಾಕುತ್ತಿದ್ದೆ ಎಂದು ಚಿಕ್ಕತಾಯಿ ಹೇಳಿದಳು. ಎರಡು ಸಲ ಹೇಳಿದಳು. ನಗಾರಿ ನಿಂತ ಮೇಲೆ ಮೂರನೇ ಸಲವೂ ಹೇಳಿದಳು. ಅನ್ನ ಹಾಕುವುದನ್ನು ಆಕೆಯೇ ಒಪ್ಪಿಕೊಂಡಿದ್ದಾಳೆ ಎಂದು ನ್ಯಾಯಶಿರೋಮಣಿಗಳು ಬರೆಸಿಕೊಂಡರು.

ಇನ್ನು ಶಾಸನ ತನ್ನ ಪೂರ್ಣ ಬಲದಿಂದ ಜಾರಿಗೆ ಬರಬೇಕಿತ್ತು. ಬಡವಳೆಂದು ಮಾಲೀಕಳಿಗೆ ರಿಯಾಯಿತಿ ತೋರಿದರೆ ಕಚ್ಚಿಸಿಕೊಂಡ ಬಡವಳಿಗೆ ಅನ್ಯಾಯವಾಗುತ್ತದೆ ಎಂದು ನ್ಯಾಯಶಿರೋಮಣಿಗಳು ಗದ್ಗದಿತರಾದರು. ಸಭೆಯಲ್ಲಿ ಎರಡು ಕಟಕಟೆಗಳಿದ್ದವು, ಒಂದು ಮಾಲೀಕರಿಗೆ, ಇನ್ನೊಂದು ಕಚ್ಚಿಸಿಕೊಂಡವರಿಗೆ. ಚಿಕ್ಕತಾಯಿಯನ್ನು ಮಾಲೀಕರ ಕಟಕಟೆಗೆ ಹತ್ತಿಸಿದರು. ಎದುರಿನ ಕಟಕಟೆ ಖಾಲಿಯಿತ್ತು. ಅದರ ಕಡೆಗೆ ಕೈಮುಗಿದು ಕ್ಷಮೆ ಕೇಳು ಎಂದರು. ಊದಿದ ಬಲಗೈ ಎಡಗೈಗೆ ಸರಿಯಾಗಿ ಕೂಡಿಕೊಳ್ಳಲಿಲ್ಲ. ಕೂಡಿದಷ್ಟು ಕೂಡಿಸಿ, “ತಪ್ಪಾಯ್ತು,” ಎಂದಳು.

“ನೊಂದವರಿಗೆ ಕೇಳಿಸಬೇಕು,” ಎಂದರು ನ್ಯಾಯಶಿರೋಮಣಿಗಳು.

“ತಪ್ಪಾಯ್ತು,” ಎಂದು ಖಾಲಿ ಕಟಕಟೆಗೆ ಗಟ್ಟಿಯಾಗಿ ಹೇಳಿದಳು.

ಆಮೇಲೆ ಅವಳನ್ನು ಅಲ್ಲಿಂದ ಇಳಿಸಿ, ಸಭೆಯ ನಡುವೆ ನಡೆಸಿಕೊಂಡು ಹೋಗಿ, ಎದುರಿನ ಕಟಕಟೆಗೆ ಹತ್ತಿಸಿದರು. ಈಗ ಮಾಲೀಕರ ಕಟಕಟೆ ಖಾಲಿಯಾಗಿತ್ತು. ಅಲ್ಲಿ ಕ್ಷಮೆ ಕೇಳಿದವರನ್ನು ಮನಸಾರೆ ಕ್ಷಮಿಸಿದ್ದೀಯಾ ಎಂದು ಕೇಳಿದರು. ಅವಳು ಸ್ವಲ್ಪ ಹೊತ್ತು ಆ ಖಾಲಿ ಜಾಗವನ್ನೇ ನೋಡಿದಳು. ಈಗ ತಾನೇ ಅಲ್ಲಿ ನಿಂತು ಕೈಮುಗಿದಿದ್ದ ಹೆಂಗಸಿನ ಮೇಲೆ ಅವಳಿಗೆ ಯಾವ ಸಿಟ್ಟೂ ಬರಲಿಲ್ಲ.

“ಸೂಜಿ ಹಾಕ್ಸಿದ್ರೆ ಸಾಕು ಬುದ್ಧಿ,” ಎಂದಳು.

ಷರತ್ತುಬದ್ಧ ಕ್ಷಮೆ ಎಂದು ದಾಖಲಾಯಿತು. ಷರತ್ತನ್ನು ನೆರವೇರಿಸುವ ಹೊಣೆ ಮಾಲೀಕಳದೆಂದು ತೀರ್ಪಾಯಿತು. ಗಾಯ ಮಾಯುವ ತನಕ ಕಚ್ಚಿಸಿಕೊಂಡವಳ ಮನೆಯ ಒಲೆಯನ್ನು ಮಾಲೀಕಳೇ ಉರಿಸತಕ್ಕದ್ದೆಂದೂ, ಉರಿಸುತ್ತಿದ್ದಾಳೋ ಇಲ್ಲವೋ ಎಂದು ಪರಿಶೀಲಿಸಲು ತಳವಾರನೊಬ್ಬ ವಾರಕ್ಕೊಮ್ಮೆ ಹೋಗತಕ್ಕದ್ದೆಂದೂ ತೀರ್ಪಿನ ಕೊನೆಯಲ್ಲಿತ್ತು. ಶಾಂತಮೂರ್ತಿ ಮಾತ್ರ ಮಂತ್ರಿಯ ಮನೆಯಲ್ಲೇ ಇರುವುದು. ಅಭಿಮಾನವನ್ನು ಬಲವಂತವಾಗಿ ಸ್ಥಳಾಂತರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಅನ್ನ ಹಾಕುವುದು ಮಾಲೀಕಳ ಕರ್ತವ್ಯವಾದ್ದರಿಂದ, ಇನ್ನು ಮುಂದೆ ಅರ್ಧ ರೊಟ್ಟಿ ಸಾಲದು, ಇಡೀ ರೊಟ್ಟಿ ಹಾಕಬೇಕು.

ನಿರ್ಲಿಪ್ತವರ್ಮರು ಬಹಳ ಸಂತೋಷಗೊಂಡಿದ್ದರು. ಮಹಾರಾಜರ ಕಾಲದಲ್ಲಿ ನ್ಯಾಯ ಕಟಕಟೆಯಿಂದ ಕಟಕಟೆಗೆ ನಡೆದು ಹೋಗುತ್ತಿದೆ, ನಾವೆಲ್ಲ ಕಣ್ಣಾರೆ ಕಂಡೆವು ಎಂದು ಪಂಡಿತರು ಹೊಗಳಿದರು. ಅರಸರು ಮೃದುವಚನರಾಯರಿಗೆ ‘ಶ್ವಾನಸಂತ್ರಸ್ತರ ಆಶಾಕಿರಣ’ ಎಂಬ ಬಿರುದನ್ನೂ, ಶಾಂತಮೂರ್ತಿಗೆ ಬೆಳ್ಳಿಯ ಬದಲು ಬಂಗಾರದ ಪಟ್ಟಿಯನ್ನೂ ದಯಪಾಲಿಸಿದರು. ಇಷ್ಟೊಂದು ಜನ ಸಾಲಾಗಿ ನಿಂತು ಬಾಲ ಎಣಿಸುವುದು ಶ್ರಮದ ಕೆಲಸವೆಂದು ಸೇನಾಪತಿ ಸೂಚಿಸಿದಾಗ, ಅಲ್ಲೇ ಹೊಸ ರಾಜಾಜ್ಞೆಯೂ ಹೊರಬಿತ್ತು. ಪ್ರಕ್ರಿಯೆಯನ್ನು ಜನಸ್ನೇಹಿಯಾಗಿ ಸರಳಗೊಳಿಸಲಾಗಿದೆ. ಇನ್ನು ಮುಂದೆ ಯಾವುದೇ ನಾಯಿ ಯಾರನ್ನು ಕಚ್ಚುವುದೋ, ಕಚ್ಚಿಸಿಕೊಂಡವರೇ ಅದರ ಮಾಲೀಕರೆಂದು ಭಾವಿಸತಕ್ಕದ್ದು.

ಡಂಗುರದವನು ಅದನ್ನು ಸಂಜೆಯೊಳಗೆ ಬೀದಿಬೀದಿಯಲ್ಲಿ ಸಾರಿದ. ಮೀನು ಮಾರುವ ಹೆಂಗಸೊಬ್ಬಳು ಕೇಳುತ್ತ ನಿಂತಿದ್ದವಳು ಮೊಣಕಾಲಿನ ಕಟ್ಟನ್ನು ಸೀರೆಯಲ್ಲಿ ಮುಚ್ಚಿಕೊಂಡಳು. ಹತ್ತಿ ಎಕ್ಕುವ ಮುದುಕನೊಬ್ಬ ಬಿಸಿಲಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡ. ನಾಯಿಗಳಿಗೆ ರಾಜಾಜ್ಞೆ ತಿಳಿದಿರಲಿಲ್ಲವಾದ್ದರಿಂದ ಅವು ಎಂದಿನಂತೆ ಇದ್ದವು. ಶ್ರೀಮಂತರು ಬೇವಿನೆಣ್ಣೆ ತೊಳೆದುಕೊಂಡು, ತಮ್ಮ ಅಭಿಮಾನಿಗಳ ಸರಪಳಿ ಬಿಚ್ಚಿ, ನಿಶ್ಚಿಂತೆಯಿಂದ ಗೇಟು ತೆರೆದಿಟ್ಟರು.

ಹನ್ನೆರಡನೇ ದಿನ ಬೆಳಿಗ್ಗೆ ಚಿಕ್ಕತಾಯಿ ತೀರ್ಪಿನ ಪ್ರತಿಯನ್ನೂ ಆ ಹಳೆಯ ನಮೂನೆಯನ್ನೂ ಹಿಡಿದು ರಾಜವೈದ್ಯಶಾಲೆಗೆ ಹೋದಳು. ದಾರಿಯಲ್ಲೇ ಮಾಲೀಕರ ಸಹಿಯ ಸಾಲಿನಲ್ಲಿ, ಎಡಗೈಯಿಂದ, ತನ್ನ ಹೆಸರು ಬರೆದಿದ್ದಳು. ಅಕ್ಷರ ಸೊಟ್ಟಗಾಗಿದ್ದವು, ಆದರೆ ಓದಲು ಬರುತ್ತಿದ್ದವು. ಇನ್ನು ಯಾವ ಸಾಲೂ ಖಾಲಿ ಇರಲಿಲ್ಲ. ಹನ್ನೆರಡು ದಿನಗಳಲ್ಲಿ ಮೊದಲ ಬಾರಿಗೆ ಅವಳಿಗೆ ಹಗುರವೆನಿಸಿತ್ತು. ತಾನು ಏನಾದರೂ ಆಗಿರಲಿ, ಮದ್ದಿಗೆ ಬೇಕಾದ ಕಾಗದ ಕೈಯಲ್ಲಿದೆಯಲ್ಲ ಎಂದುಕೊಂಡಳು.

ವೈದ್ಯಶಾಲೆಯಲ್ಲಿ ಸರದಿಯ ಸಾಲೇ ಇರಲಿಲ್ಲ. ಬಾಗಿಲಿಗೆ ತೋರಣ ಕಟ್ಟಿದ್ದರು. ಒಳಗೆ ಚರಕಭೂಷಣರಿಗೆ ಶಾಲು ಹೊದಿಸುತ್ತಿದ್ದರು, ಚಿತ್ರಕಾರನೊಬ್ಬ ಅವರನ್ನು ಮಂಜುಗಡ್ಡೆಯ ಪೆಟ್ಟಿಗೆಯ ಪಕ್ಕ ನಿಲ್ಲಿಸಿ ಚಿತ್ರ ಬರೆಯುತ್ತಿದ್ದ. ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ರಾಜಾಜ್ಞೆಯ ಮೊದಲ ದಿನವೇ ಅಭೂತಪೂರ್ವ ಯಶಸ್ಸು, ಇಂದು ನಾಯಿ ಕಡಿತದ ಪ್ರಕರಣಗಳು ಸೊನ್ನೆ.

ಅವಳು ಕಿಟಕಿಯಲ್ಲಿ ನಮೂನೆಯನ್ನು ಇಟ್ಟಳು. ಚರಕಭೂಷಣರು ಕತ್ತು ಕೊಂಕದಂತೆ ಎಚ್ಚರ ವಹಿಸಿ, ಕಣ್ಣು ಮಾತ್ರ ಹೊರಳಿಸಿ ಅದನ್ನು ಓದಿದರು. ಎಲ್ಲ ಸರಿಯಾಗಿದೆ, ಇಷ್ಟು ಚೊಕ್ಕವಾಗಿ ತುಂಬಿದ ನಮೂನೆಯನ್ನು ತಾವು ನೋಡಿಯೇ ಇರಲಿಲ್ಲ ಎಂದರು.

“ಆದರೆ ಇವತ್ತು ಸೊನ್ನೆ ಅಂತ ಅರಮನೆಗೆ ವರದಿ ಹೋಗಿಬಿಟ್ಟಿದೆಯಲ್ಲಮ್ಮ. ನಿನ್ನ ಬರ್ಕೊಂಡ್ರೆ ಒಂದಾಗುತ್ತೆ.”

“ನಾಳೆ ಬರ್ಲಾ ಬುದ್ಧಿ?”

ನಾಳೆಯದೂ ಸೊನ್ನೆ ಎಂದೇ ಬರೆದು ಕಳಿಸಿದ್ದೇವೆ, ತಿಂಗಳ ಕೊನೆಯ ತನಕ ಬರೆದಾಗಿದೆ ಎಂದು ಪಕ್ಕದಲ್ಲಿದ್ದ ಗುಮಾಸ್ತ ತಿಳಿಸಿದ. ಅಷ್ಟರಲ್ಲಿ ಹೊರಗೆ ವಾದ್ಯ ಕೇಳಿಸಿತು. ಮೃದುವಚನರಾಯರ ಮೆರವಣಿಗೆ ಬರುತ್ತಿತ್ತು. ತೆರೆದ ರಥದಲ್ಲಿ ಮಂತ್ರಿ, ಅವರ ಪಕ್ಕದಲ್ಲಿ ಬಂಗಾರದ ಪಟ್ಟಿ ತೊಟ್ಟ ಶಾಂತಮೂರ್ತಿ. ಗುಮಾಸ್ತ ಓಡಿದ, ಚಿತ್ರಕಾರ ಕುಂಚ ಹಿಡಿದೇ ಓಡಿದ. ಚರಕಭೂಷಣರು ಶಾಲು ಸರಿಪಡಿಸಿಕೊಂಡು, ಮಂಜುಗಡ್ಡೆಯ ಪೆಟ್ಟಿಗೆಗೆ ಬೀಗ ಹಾಕಿ, ಹಾರವೊಂದನ್ನು ತೆಗೆದುಕೊಂಡು ಮೆಟ್ಟಿಲಿಳಿದರು. ಸೊನ್ನೆಯ ಹಲಗೆಯನ್ನು ಇಬ್ಬರು ಆಳುಗಳು ತಲೆಯ ಮೇಲೆ ಹೊತ್ತು ಹಿಂದೆ ಹೋದರು.

ಚಿಕ್ಕತಾಯಿ ಕಿಟಕಿಯ ಹತ್ತಿರವೇ ನಿಂತಿದ್ದಳು. ಬಟ್ಟೆ ಸುತ್ತಿದ ಕೈಯನ್ನು ಕಿಟಕಿಯ ಕಟ್ಟೆಯ ಮೇಲೆ, ನಮೂನೆಯ ಪಕ್ಕದಲ್ಲಿ ಇಟ್ಟಿದ್ದಳು. ಹೊರಗಿನ ಜಯಘೋಷ ಒಂದು ಗಳಿಗೆ ತಗ್ಗಿದಾಗ, ಯಾರಿಗಾದರೂ ಕೇಳಿಸಲಿ ಎಂದು, ತಾನಾಗಿ ಎಂದೂ ದನಿ ಎತ್ತದ ಅವಳು ದನಿ ಎತ್ತಿದಳು.

“ಅಯ್ಯಾ, ಒಂದು ಸೂಜಿ ಹಾಕಿ.”